ಒಂದೇ ಹೆಸರಿನ ಎರಡು ಲೈಬ್ರರಿ: ಟೆಸೆರಾಕ್ಟ್ ಕಂಪೈಲ್ ಆಗದೆ ನಿಂತ ಒಂದು ಪ್ರಕರಣ

ಇದು 2022ರ ಮೊದಲ ತಿಂಗಳುಗಳಲ್ಲಿ ನಡೆದದ್ದು. ಕರ್ನಾಟಕದ ಒಂದು ಸಣ್ಣ ಊರು, ಅಲ್ಲೊಂದು ಗ್ರಂಥಾಲಯ. ತಲೆಬರಹದ ‘ಲೈಬ್ರರಿ’ ಆ ಗ್ರಂಥಾಲಯವಲ್ಲ, ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು. ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ. ತಾಂತ್ರಿಕ ವಿವರಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಇದೇ ಗಂಟು ಬೇರೆಯವರಿಗೂ ಬೀಳುತ್ತದೆ, ಬಿಡಿಸುವ ದಾರಿ ತಿಳಿದಿದ್ದರೆ ಅವರ ಎರಡು ವಾರ ಉಳಿಯುತ್ತದೆ.

ಹಿನ್ನೆಲೆ

ಆ ಗ್ರಂಥಾಲಯದಲ್ಲಿ ನಾಲ್ಕೈದು ಜನ ಸೇರಿ ಹಳೆಯ ಕನ್ನಡ ಮಾಸಪತ್ರಿಕೆಗಳನ್ನೂ ಸ್ಮರಣ ಸಂಚಿಕೆಗಳನ್ನೂ ಸ್ಕ್ಯಾನ್ ಮಾಡುತ್ತಿದ್ದರು. ಮುಂದಾಳು ನಿವೃತ್ತ ಮೇಷ್ಟ್ರು. ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದವಳು ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗಿ. ನಾನು ಬೇರೆ ಊರಿನಲ್ಲಿದ್ದೆ. ಫೋನಿನಲ್ಲಿ ಮಾತಾಡುತ್ತಾ, ಅವಳ ಸ್ಕ್ರೀನ್ ನೋಡುತ್ತಾ ಸಹಾಯ ಮಾಡುತ್ತಿದ್ದೆ.

ಸ್ಕ್ಯಾನ್ ಮಾಡಿದ ಪುಟ ಬರೀ ಚಿತ್ರ. ಅದರೊಳಗೆ ಪದ ಹುಡುಕಲು ಆಗುವುದಿಲ್ಲ. ಮೇಷ್ಟ್ರ ಆಸೆ ಬಹಳ ಸರಳವಾದದ್ದು. "ನಮ್ಮೂರ ಕೆರೆ ಬಗ್ಗೆ ಇಷ್ಟು ಸಂಚಿಕೆಗಳಲ್ಲಿ ಎಲ್ಲೆಲ್ಲಿ ಬರೆದಿದ್ದಾರೆ ಅಂತ ಹುಡುಕಿದರೆ ಸಿಗಬೇಕು, ಅಷ್ಟೇ" ಎನ್ನುತ್ತಿದ್ದರು. ಅದಕ್ಕೆ ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಪಠ್ಯ ಮಾಡುವ ತಂತ್ರಾಂಶ ಬೇಕು, ಅಂದರೆ ಒಸಿಆರ್. ಅವರು ಬಳಸುತ್ತಿದ್ದದ್ದು ಟೆಸೆರಾಕ್ಟ್. 1980ರ ದಶಕದಲ್ಲಿ ಎಚ್‌ಪಿ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿ, 2005ರಲ್ಲಿ ಓಪನ್ ಸೋರ್ಸ್ ಆಗಿ, ಮುಂದೆ ಹಲವು ವರ್ಷ ಗೂಗಲ್‌ನ ಆಸರೆಯಲ್ಲಿ ಬೆಳೆದ ತಂತ್ರಾಂಶ ಅದು.

ಅವರ ಕಂಪ್ಯೂಟರಿನಲ್ಲಿದ್ದದ್ದು ಟೆಸೆರಾಕ್ಟ್ 3.04. ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪುಟಗಳ ಮುಂದೆ ಅದು ಸೋತುಹೋಗುತ್ತಿತ್ತು. ಒತ್ತಕ್ಷರಗಳು ಮೇಲಿನ ಅಕ್ಷರದಿಂದ ಕಳಚಿ ಕೆಳಗಿನ ಸಾಲಿಗೆ ಸೇರುತ್ತಿದ್ದವು. ಅರ್ಕಾವತ್ತು ಕಾಣೆಯಾಗುತ್ತಿತ್ತು. ಅನುಸ್ವಾರ ಸೊನ್ನೆಯಾಗುತ್ತಿತ್ತು. 2018ರಲ್ಲಿ ಬಂದ 4ನೇ ಆವೃತ್ತಿಯಲ್ಲಿ ಒಳಗಿನ ಯಂತ್ರವೇ ಬದಲಾಯಿತು. ಎಲ್‌ಎಸ್‌ಟಿಎಂ ಎಂಬ ಬಗೆಯ ನರಜಾಲ (ನ್ಯೂರಲ್ ನೆಟ್‌ವರ್ಕ್) ಬಂತು. ಅಕ್ಷರ ಅಕ್ಷರವನ್ನು ಬಿಡಿಸಿ ಗುರುತಿಸುವ ಬದಲು ಇಡೀ ಸಾಲನ್ನೇ ಒಟ್ಟಾಗಿ ನೋಡುವ ಕ್ರಮ ಅದು. ಅಕ್ಷರದ ಮೇಲೆ, ಕೆಳಗೆ, ಪಕ್ಕದಲ್ಲಿ ಗುರುತುಗಳು ಕೂರುವ ಕನ್ನಡದಂಥ ಲಿಪಿಗೆ ಇದರಿಂದ ದೊಡ್ಡ ಉಪಕಾರವಾಯಿತು. 2021ರ ನವೆಂಬರ್ ಕೊನೆಗೆ 5.0 ಬಂತು. ಅದರಲ್ಲಿ ನರಜಾಲದ ಲೆಕ್ಕವನ್ನು ಹೆಚ್ಚು ನಿಖರವಾದ ‘ಡಬಲ್’ ಸಂಖ್ಯೆಗಳ ಬದಲು ಹಗುರವಾದ ‘ಫ್ಲೋಟ್’ ಸಂಖ್ಯೆಗಳಲ್ಲಿ ಮಾಡುವಂತೆ ಬದಲಿಸಿ ವೇಗ ಹೆಚ್ಚಿಸಿದ್ದರು. ಸಾವಿರಾರು ಪುಟ, ಒಂದೇ ಒಂದು ಹಳೆಯ ಕಂಪ್ಯೂಟರ್. ಅವರಿಗೆ ಈ ವೇಗ ಬೇಕಾಗಿತ್ತು.

ಕಂಪ್ಯೂಟರಿನಲ್ಲಿ ಉಬುಂಟು 20.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇತ್ತು. ಅದರ ಸಿದ್ಧ ಪ್ಯಾಕೇಜ್‌ಗಳ ಭಂಡಾರದಲ್ಲಿ ಸಿಗುತ್ತಿದ್ದದ್ದು ಟೆಸೆರಾಕ್ಟ್ 4.1.1. ಹೆಚ್ಚಿನವರಿಗೆ ಅದೇ ಸಾಕು, ಸೋರ್ಸ್‌ನಿಂದ, ಅಂದರೆ ಬರೆದ ಮೂಲ ಕೋಡಿನಿಂದ, ಓಡುವ ಪ್ರೋಗ್ರಾಂ ಕಟ್ಟುವ (ಕಂಪೈಲ್ ಮಾಡುವ) ಕಷ್ಟ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಈಗಲೂ ಹಾಗೇ ಹೇಳುತ್ತೇನೆ. ಆದರೆ ಹುಡುಗಿಗೆ 5.0 ಬೇಕಿತ್ತು, ಕಲಿಯುವ ಆಸೆಯೂ ಇತ್ತು. ನಾನು ಅಡ್ಡ ಬರಲಿಲ್ಲ.

ಮೊದಲ ತಡೆ

ಸೋರ್ಸ್ ಇಳಿಸಿಕೊಂಡು, ಕಾನ್ಫಿಗರ್ ಎಂಬ ಸ್ಕ್ರಿಪ್ಟನ್ನು ತಯಾರಿಸುವ ಆಟೋಜೆನ್ ಓಡಿಸಿದಳು. ಅದು ಸುಮ್ನೆ ಮುಗಿಯಿತು. ಆಮೇಲೆ, ಕಟ್ಟಲು ಬೇಕಾದದ್ದೆಲ್ಲ ಇದೆಯೇ ಎಂದು ನೋಡುವ ಆ ಕಾನ್ಫಿಗರ್ ಓಡಿಸಿದಾಗ ಸಾವಿರಾರು ಸಾಲುಗಳ ಆ ಸ್ಕ್ರಿಪ್ಟಿನ ನಡುವೆ ಎಲ್ಲೋ ಸಿಂಟ್ಯಾಕ್ಸ್ ಎರರ್ ಬಂತು. ಎರರ್ ಹೇಳಿದ ಸಾಲನ್ನು ತೆರೆದು ನೋಡಿದರೆ ‘ಎಎಕ್ಸ್ ಚೆಕ್ ಕಂಪೈಲ್ ಫ್ಲ್ಯಾಗ್’ ಎಂಬ ದೊಡ್ಡಕ್ಷರದ ಹೆಸರು ಹಾಗೇ ಕೂತಿತ್ತು.

ಇದನ್ನು ನಾನು ಮೊದಲೂ ನೋಡಿದ್ದೆ. ಆ ಹೆಸರು ಶೆಲ್‌ನ (ಸ್ಕ್ರಿಪ್ಟನ್ನು ಓದಿ ನಡೆಸುವ ಪ್ರೋಗ್ರಾಂನ) ಮಾತಲ್ಲ, ಮ್ಯಾಕ್ರೋ, ಅಂದರೆ ಹಲವು ಸಾಲುಗಳ ಬದಲಿಗೆ ಇಡುವ ಒಂದು ಹೆಸರು. ಕಾನ್ಫಿಗರ್ ಸ್ಕ್ರಿಪ್ಟ್ ತಯಾರಾಗುವಾಗಲೇ ಅದು ಬಿಚ್ಚಿಕೊಂಡು ನಿಜವಾದ ಶೆಲ್ ಸಾಲುಗಳಾಗಬೇಕು. ಬಿಚ್ಚುವ ವಿವರ ಆಟೋಕಾನ್ಫ್-ಆರ್ಕೈವ್ ಎಂಬ ಪ್ಯಾಕೇಜಿನಲ್ಲಿರುತ್ತದೆ. ಅದು ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಹಾಗಾಗಿ ಮ್ಯಾಕ್ರೋ ಬಿಚ್ಚಿಕೊಳ್ಳದೆ ಉಳಿದು, ಶೆಲ್ ಅದನ್ನು ಓದಲಾರದೆ ಎಡವಿತು. ಪ್ಯಾಕೇಜ್ ಹಾಕಿ ಆಟೋಜೆನ್ ಮತ್ತೆ ಓಡಿಸಿದರೆ ಆಯಿತು. ಹತ್ತು ನಿಮಿಷದ ಕೆಲಸ.

ಆದರೆ ಈ ಸುಲಭದ ಗೆಲುವಿನಿಂದ ನಮ್ಮ ಮನಸ್ಸಿನಲ್ಲಿ ಒಂದು ತಪ್ಪು ಲೆಕ್ಕ ಕೂತುಬಿಟ್ಟಿತು. ಎರರ್ ಬಂದರೆ ಏನೋ ಒಂದು ಪ್ಯಾಕೇಜ್ ಇಲ್ಲ, ಹಾಕಿದರೆ ಸರಿ. ಮುಂದಿನ ತಡೆಯನ್ನೂ ಅದೇ ಕಣ್ಣಿನಿಂದ ನೋಡಿದೆವು.

ಎರಡನೆಯ ತಡೆ

ಕಾನ್ಫಿಗರ್ ಈ ಸಲ ಬಹಳ ದೂರ ಹೋಗಿ ನಿಂತಿತು. ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಹೊಸದು ಬೇಕು, ಲೆಪ್ಟೋನಿಕಾದ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿ ನೋಡಿ ಎಂದು ಹೇಳಿತು. ಚಿತ್ರವನ್ನು ತೆರೆಯುವುದು, ಕಪ್ಪು ಬಿಳುಪು ಮಾಡುವುದು, ವಾರೆಯಾದ ಪುಟವನ್ನು ನೇರ ಮಾಡುವುದು ಇಂಥ ಕೆಲಸಗಳ ಲೈಬ್ರರಿ ಲೆಪ್ಟೋನಿಕಾ. ಟೆಸೆರಾಕ್ಟ್ ಅದರ ಮೇಲೇ ನಿಂತಿದೆ.

ಪ್ಯಾಕೇಜ್ ಹಾಕಲು ಹೋದಳು. ಈಗಾಗಲೇ ಇದೆ ಎಂದು ಉತ್ತರ ಬಂತು. ಆವೃತ್ತಿ 1.79.0. ಬೇಕಾದದ್ದು 1.74, ಇರುವುದು 1.79. ಆದರೂ ಕಾನ್ಫಿಗರ್ ಸಾಲದು ಎನ್ನುತ್ತಿದೆ. ತೆಗೆದು ಮತ್ತೆ ಹಾಕಿದಳು. ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದಳು. ಸೋರ್ಸನ್ನು ಅಳಿಸಿ ಹೊಸದಾಗಿ ಇಳಿಸಿದಳು. ಪ್ರತಿ ಸಲವೂ ಅದೇ ಮಾತು.

"ಅಣ್ಣಾ, ಇದೆ ಅಂತ ಇದೇ ಕಂಪ್ಯೂಟರ್ ಹೇಳ್ತಿದೆ, ಇಲ್ಲ ಅಂತಾನೂ ಇದೇ ಹೇಳ್ತಿದೆ" ಎಂದಳು. ಆ ಮಾತು ಸರಿಯಾಗಿತ್ತು. ಅದರ ಹಿಂದೆಯೇ ನಾವು ಹೋಗಬೇಕಿತ್ತು. ಒಂದೇ ಪ್ರಶ್ನೆಗೆ ಎರಡು ಉತ್ತರ ಬಂದರೆ ಉತ್ತರ ಕೊಡುತ್ತಿರುವವರೂ ಇಬ್ಬರಿರಬೇಕು, ಅಲ್ವಾ? ಆದರೆ ಆ ರಾತ್ರಿ ನನಗೆ ಬೇರೆ ಕೆಲಸವಿತ್ತು. ನಾಳೆ ನೋಡೋಣ ಎಂದು ಇಟ್ಟುಬಿಟ್ಟೆ.

ಅವಳು ಕಾಯಲಿಲ್ಲ. 1.79 ಇರುವುದು ಖಚಿತ, ತಪ್ಪು ಹೇಳುತ್ತಿರುವುದು ಪರೀಕ್ಷೆ, ಅದನ್ನೇ ತೆಗೆದುಬಿಡೋಣ ಎಂದುಕೊಂಡು ಕಾನ್ಫಿಗರ್‌ನ ಮೂಲ ಕಡತ ತೆರೆದಳು. ಎರರ್ ಕೊಟ್ಟು ನಿಲ್ಲಿಸುವ ಸಾಲನ್ನು ಅಳಿಸಿದಳು. ಕಾನ್ಫಿಗರ್ ಸಲೀಸಾಗಿ ಮುಗಿಯಿತು. ಕಂಪೈಲ್ ಶುರು ಮಾಡುವ ಮೇಕ್ ಕಮಾಂಡ್ ಕೊಟ್ಟಳು. ಸ್ವಲ್ಪ ಹೊತ್ತಿಗೇ ‘ಆಲ್‌ಹೆಡರ್ಸ್’ ಎಂಬ ಹೆಡರ್ ಕಡತ ಸಿಗುತ್ತಿಲ್ಲ ಎಂದು ನಿಂತಿತು. ಅದು ಲೆಪ್ಟೋನಿಕಾದ ಮುಖ್ಯ ಹೆಡರ್, ಅಂದರೆ ಅದರಲ್ಲಿ ಯಾವ ಯಾವ ಫಂಕ್ಷನ್‌ಗಳಿವೆ ಎಂದು ಕಂಪೈಲರ್‌ಗೆ ಹೇಳುವ ಕಡತ. ಎಲ್ಲಿದೆ ಎಂದು ಹುಡುಕಿ, ಪ್ಯಾಕೇಜ್ ಅದನ್ನು ಇಟ್ಟಿದ್ದ ಫೋಲ್ಡರಿನ ದಾರಿಯನ್ನು ಕಂಪೈಲರ್‌ಗೆ ಕೈಯಾರೆ ತೋರಿಸಿದಳು. ಮತ್ತೆ ಮೇಕ್. ಈ ಸಲ ಕಡತಗಳು ಒಂದಾದ ಮೇಲೊಂದು ಕಂಪೈಲ್ ಆಗುತ್ತಾ ಹೋದವು. ಹಳೆಯ ಕಂಪ್ಯೂಟರ್, ಬಹಳ ಹೊತ್ತು ಹಿಡಿಯಿತು. ಕೊನೆಯ ಹೆಜ್ಜೆಯಲ್ಲಿ, ಎಲ್ಲವನ್ನೂ ಜೋಡಿಸಿ ಟೆಸೆರಾಕ್ಟ್ ಎಂಬ ಒಂದು ಪ್ರೋಗ್ರಾಂ ಮಾಡುವ ಹೊತ್ತಿಗೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಸಾಲುಗಳು ಪರದೆ ತುಂಬಾ ಸುರಿದವು. ಹೆಚ್ಚಿನವು ‘ಪಿಕ್ಸ್’ ಎಂದು ಶುರುವಾಗುವ ಹೆಸರುಗಳು. ಎಲ್ಲವೂ ಲೆಪ್ಟೋನಿಕಾದ ಫಂಕ್ಷನ್‌ಗಳು. ಹೆಸರಿದೆ, ಅದರ ಕೋಡ್ ಸಿಗುತ್ತಿಲ್ಲ ಎಂಬುದು ದೂರು.

ಬೆಳಿಗ್ಗೆ ಅವಳು ಇದನ್ನೆಲ್ಲ ಹೇಳಿದಾಗ ಅವಳಿಗೆ ಬೈಯುವಂಥದ್ದು ನನಗೇನೂ ಕಾಣಲಿಲ್ಲ. ಅನುಭವಸ್ಥರೂ ಮಾಡುವ ಕೆಲಸ ಇದು. ಆದರೆ ಏನಾಯಿತು ಎಂಬುದು ತಿಳಿದಿರಬೇಕು. ಆ ಜಾಗದಲ್ಲಿದ್ದದ್ದು ಬರೀ ಆವೃತ್ತಿಯ ಪರೀಕ್ಷೆ ಅಲ್ಲ. ಪಿಕೆಜಿ-ಕಾನ್ಫಿಗ್ ಎಂಬ ಸಾಧನವನ್ನು ಕೇಳಿ, ಲೆಪ್ಟೋನಿಕಾದ ಹೆಡರ್‌ಗಳು ಯಾವ ಫೋಲ್ಡರಿನಲ್ಲಿವೆ, ಕೊನೆಗೆ ಜೋಡಿಸುವಾಗ (ಲಿಂಕ್ ಮಾಡುವಾಗ) ಯಾವ ಲೈಬ್ರರಿಯ ಹೆಸರು ಹೇಳಬೇಕು ಎಂಬ ಎರಡು ವಿವರಗಳನ್ನೂ ಅಲ್ಲೇ ತರುತ್ತಿತ್ತು. ಪರೀಕ್ಷೆ ಸೋತಿದ್ದರಿಂದ ಎರಡೂ ಖಾಲಿ ಉಳಿದವು. ನಿಲ್ಲಿಸುವ ಸಾಲನ್ನು ಅಳಿಸಿದಾಗ ಖಾಲಿ ವಿವರಗಳೇ ಮುಂದಕ್ಕೆ ಹರಿದವು. ಹೆಡರ್ ಸಿಗಲಿಲ್ಲ. ಅದನ್ನು ಕೈಯಾರೆ ತುಂಬಿದ ಮೇಲೆ ಲೈಬ್ರರಿಯ ಹೆಸರು ಸಿಗಲಿಲ್ಲ. ಬಾಗಿಲಲ್ಲೇ ಒಂದು ನಿಮಿಷದಲ್ಲಿ ತಿಳಿಯುತ್ತಿದ್ದ ತಪ್ಪು ಮನೆಯ ಕೊನೆಯ ಕೋಣೆಯವರೆಗೆ ನಡೆದು ಬಂದಿತ್ತು.

ಲೈಬ್ರರಿಯ ಹೆಸರನ್ನೂ ಕೈಯಾರೆ ಸೇರಿಸಲೇ ಎಂದು ಕೇಳಿದಳು. ಬೇಡ, ಮುಟ್ಟಿದ್ದನ್ನೆಲ್ಲ ಮೊದಲಿನಂತೆ ಮಾಡು, ಅಳಿಸಿದ ಸಾಲನ್ನು ವಾಪಸ್ ಹಾಕು ಎಂದೆ. ಅದು ಅವಳಿಗೆ ಇಷ್ಟವಾಗಲಿಲ್ಲ. ಗುರಿಗೆ ಒಂದು ಹೆಜ್ಜೆ ಇದೆ ಎನ್ನುವಾಗ ಹಿಂದಕ್ಕೆ ಹೋಗು ಎಂದರೆ ಯಾರಿಗೂ ಬೇಸರವಾಗುತ್ತದೆ. ಆದರೂ ಮಾಡಿದಳು.

ಕಾನ್ಫಿಗರ್ ನೋಡಿದ್ದು ಏನನ್ನು?

ಕಾನ್ಫಿಗರ್ ಓಡುವಾಗ ಪರದೆಯ ಮೇಲೆ ಕಾಣುವುದು ಸಾರಾಂಶ ಮಾತ್ರ. ನಡೆದದ್ದೆಲ್ಲ ಕಾನ್ಫಿಗ್ ಲಾಗ್ ಎಂಬ ಕಡತದಲ್ಲಿರುತ್ತದೆ. ಬಹಳ ಜನ ಅದನ್ನು ತೆರೆಯುವುದೇ ಇಲ್ಲ, ಉದ್ದ ನೋಡಿ ಹೆದರುತ್ತಾರೆ. ಪೂರ್ತಿ ಓದಬೇಕಿಲ್ಲ. ಲೆಪ್ಟೋನಿಕಾ ಎಂದು ಹುಡುಕಿದರೆ ಸಾಕು. ಹುಡುಕಿದೆವು. ಅಲ್ಲಿ ಪಿಕೆಜಿ-ಕಾನ್ಫಿಗ್ ಹೇಳಿದ ಮಾತು ಸ್ಪಷ್ಟವಾಗಿತ್ತು: ಕೇಳಿದ್ದು 1.74 ಅಥವಾ ಮೇಲಿನದು, ಆದರೆ ಇರುವ ಲೆಪ್ಟೋನಿಕಾ 1.73.

ಎರಡು ದಿನದಿಂದ ನಾವು 1.79 ಇದೆ ಎಂದು ವಾದಿಸುತ್ತಿದ್ದೆವು. ಕಾನ್ಫಿಗರ್ ಅದನ್ನು ಇಲ್ಲ ಎಂದೇ ಇರಲಿಲ್ಲ. ತಾನು ಕಂಡ 1.73 ಸಾಲದು ಎನ್ನುತ್ತಿತ್ತು. ಪರೀಕ್ಷೆ ಸರಿಯಾಗಿಯೇ ಕೆಲಸ ಮಾಡಿತ್ತು.

ಈಗ ಪ್ರಶ್ನೆ ಬದಲಾಯಿತು. ಲೆಪ್ಟೋನಿಕಾ ಇದೆಯೋ ಇಲ್ಲವೋ ಎನ್ನುವುದಲ್ಲ, ಈ 1.73 ಎಲ್ಲಿಂದ ಬಂತು ಎನ್ನುವುದು. ನಿನಗೆ ಸಿಕ್ಕ ಲೆಪ್ಟೋನಿಕಾದ ಮೂಲ ಫೋಲ್ಡರ್ ಯಾವುದು ಎಂದು ಪಿಕೆಜಿ-ಕಾನ್ಫಿಗ್ ಅನ್ನೇ ಕೇಳಿದೆವು. /ಯುಎಸ್‌ಆರ್/ಲೋಕಲ್ ಎಂದಿತು.

ಲಿನಕ್ಸ್‌ನಲ್ಲಿ ಆ ಫೋಲ್ಡರಿಗೆ ಒಂದು ವಿಶೇಷ ಸ್ಥಾನವಿದೆ. ಪ್ಯಾಕೇಜ್‌ಗಳ ಮೂಲಕ ಬರುವ ತಂತ್ರಾಂಶ /ಯುಎಸ್‌ಆರ್ ಒಳಗೆ ಕೂರುತ್ತದೆ. ಕಂಪ್ಯೂಟರಿನ ಯಜಮಾನ ಸ್ವಂತವಾಗಿ ಕಂಪೈಲ್ ಮಾಡಿ ಹಾಕಿದ್ದು /ಯುಎಸ್‌ಆರ್/ಲೋಕಲ್ ಒಳಗೆ ಕೂರುತ್ತದೆ. ಅಲ್ಲಿಗೆ ಪ್ಯಾಕೇಜ್ ವ್ಯವಸ್ಥೆ ಕೈ ಹಾಕುವುದಿಲ್ಲ. ಇಡೀ ಉಬುಂಟುವನ್ನು ಮೇಲ್ದರ್ಜೆಗೆ ಏರಿಸಿದರೂ ಅಲ್ಲಿರುವುದು ಅಲುಗಾಡದೆ ಉಳಿಯುತ್ತದೆ. ಯಜಮಾನ ಬೇಕೆಂದೇ ಹಾಕಿಕೊಂಡದ್ದು ಎಂಬ ಗೌರವದಿಂದ ಹುಡುಕಾಟದಲ್ಲೂ ಅದಕ್ಕೇ ಮೊದಲ ಸ್ಥಾನ. ಉಬುಂಟುವಿನ ಪಿಕೆಜಿ-ಕಾನ್ಫಿಗ್ ಮೊದಲು ನೋಡುವುದು ಅಲ್ಲಿ.

ಮೇಷ್ಟ್ರನ್ನು ಕೇಳಿದೆವು. ಅವರಿಗೆ ನೆನಪಿತ್ತು. 2016ರಲ್ಲಿ ಇನ್ನೊಬ್ಬ ಹುಡುಗ ಈ ಕೆಲಸ ನೋಡಿಕೊಳ್ಳುತ್ತಿದ್ದ. ಆಗ ಕಂಪ್ಯೂಟರಿನಲ್ಲಿ ಉಬುಂಟು 14.04 ಇತ್ತು. ಅದರ ಭಂಡಾರದ ಲೆಪ್ಟೋನಿಕಾ ಟೆಸೆರಾಕ್ಟ್ 3.04ಕ್ಕೆ ಸಾಲದೆ, ಅವನು ಆಗಿನ ಹೊಸ 1.73 ಅನ್ನು ಸೋರ್ಸ್‌ನಿಂದ ಕಟ್ಟಿ ಹಾಕಿದ್ದ. ಅವತ್ತಿಗೆ ಅದು ಸರಿಯಾದ ಕೆಲಸ. ಆಮೇಲೆ ಅವನು ಕೆಲಸ ಸಿಕ್ಕಿ ಊರು ಬಿಟ್ಟ. ಕಂಪ್ಯೂಟರ್ 16.04, 18.04, 20.04 ಎಂದು ಮೂರು ಸಲ ಮೇಲಕ್ಕೆ ಏರಿತು. "ಹಳೆಯ ಪ್ಯಾಕೇಜುಗಳನ್ನ ತೆಗೀಲಾ ಅಂತ ಪ್ರತಿ ಸಲ ಕೇಳ್ತಿತ್ತು. ಇರೋದು ಕೆಟ್ಟುಹೋದ್ರೆ ಅಂತ ಬೇಡ ಅಂತಿದ್ವಿ" ಎಂದರು ಮೇಷ್ಟ್ರು. ಹಾಗಾಗಿ ಹಳೆಯ ಲೆಪ್ಟೋನಿಕಾಗೆ ಬೇಕಾದ ಹಳೆಯ ಲೈಬ್ರರಿಗಳೂ ಉಳಿದಿದ್ದವು. ಆರು ವರ್ಷವಾದರೂ 1.73 ಜೀವಂತವಾಗಿತ್ತು.

ಕಟ್ಟಿದ್ದು ಗೆದ್ದಿತು, ಆದರೂ ಗೆದ್ದಿರಲಿಲ್ಲ

ಇಲ್ಲಿ ಎರಡು ದಾರಿಗಳಿದ್ದವು. ಹಳೆಯ ಲೆಪ್ಟೋನಿಕಾವನ್ನು ತೆಗೆಯುವುದು ಒಂದು. ಅದನ್ನು ಮುಟ್ಟದೆ, ಪ್ಯಾಕೇಜಿನ 1.79 ಅನ್ನೇ ಮೊದಲು ನೋಡು ಎಂದು ಪಿಕೆಜಿ-ಕಾನ್ಫಿಗ್‌ಗೆ ದಾರಿ ತೋರಿಸುವುದು ಇನ್ನೊಂದು. ಹಳೆಯದನ್ನು ತೆಗೆದರೆ ದಿನದ ಕೆಲಸ ನಿಂತುಹೋದೀತು ಎಂಬ ಭಯ ಮೇಷ್ಟ್ರಿಗೆ. ನಾನೂ ಎರಡನೆಯದಕ್ಕೇ ಒಪ್ಪಿದೆ. ಪಿಕೆಜಿ-ಕಾನ್ಫಿಗ್ ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಪ್ರೋಗ್ರಾಂಗಳು ಓದಿಕೊಳ್ಳುವ ಒಂದು ಸೆಟ್ಟಿಂಗ್) ಸರಿಯಾದ ಫೋಲ್ಡರ್ ಹೇಳಿ ಕಾನ್ಫಿಗರ್ ಓಡಿಸಿದಳು. 1.79 ಸಿಕ್ಕಿತು. ಮೇಕ್ ಮುಗಿಯಿತು. ಲಿಂಕ್ ಆಯಿತು. ಇನ್‌ಸ್ಟಾಲ್ ಆಯಿತು. ಒಂದೂ ಎರರ್ ಇಲ್ಲ. ಮೇಷ್ಟ್ರು ಚಹಾ ತರಿಸಿದರು ಎಂದು ಹುಡುಗಿ ಫೋನಿನಲ್ಲಿ ಹೇಳಿದಳು.

ನಮ್ಮಲ್ಲಿ ಒಂದು ರೂಢಿಯಿತ್ತು. ಯಾವ ಆವೃತ್ತಿಯಿಂದ ಓದಿಸಿದ್ದು ಎಂದು ಪುಸ್ತಕದಲ್ಲಿ ಬರೆದಿಡುವುದು. ಅದಕ್ಕಾಗಿ ಆವೃತ್ತಿ ಏನು ಎಂದು ಟೆಸೆರಾಕ್ಟ್ ಅನ್ನು ಕೇಳಿದಳು. ಮೊದಲ ಸಾಲಿನಲ್ಲಿ ಟೆಸೆರಾಕ್ಟ್ 5.0. ಅದರ ಕೆಳಗಿನ ಸಾಲಿನಲ್ಲಿ ಲೆಪ್ಟೋನಿಕಾ 1.73.

ಆ ಎರಡನೆಯ ಸಾಲನ್ನು ಓದದೆ ದಾಟಿಹೋಗುವುದು ಬಹಳ ಸುಲಭವಿತ್ತು. ಈ ಪ್ರಕರಣದಲ್ಲಿ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಇದೇ ಗಳಿಗೆ. ಮೊದಲಿನ ಸೋಲುಗಳೆಲ್ಲ ಕೂಗಿ ಹೇಳಿದ್ದವು. ಇದು ಕೂಗಲೇ ಇಲ್ಲ.

ಆದದ್ದು ಹೀಗೆ. ಆ ಸಾಲಿನಲ್ಲಿ ಟೆಸೆರಾಕ್ಟ್ ಹೇಳುವುದು ತನ್ನನ್ನು ಕಟ್ಟುವಾಗ ಇದ್ದ ಲೆಪ್ಟೋನಿಕಾದ ಆವೃತ್ತಿಯನ್ನಲ್ಲ, ಈಗ ಓಡುತ್ತಿರುವಾಗ ಜೊತೆಗೆ ಬಂದಿರುವ ಲೆಪ್ಟೋನಿಕಾದ ಆವೃತ್ತಿಯನ್ನು. ಕಟ್ಟುವಾಗ ಲೈಬ್ರರಿ ಹುಡುಕುವವರು ಕಂಪೈಲರ್ ಮತ್ತು ಲಿಂಕರ್. ಓಡುವಾಗ ಹುಡುಕುವುದು, ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ತಂದು ಕೂರಿಸುವ ಲೋಡರ್. ಇಬ್ಬರ ಹುಡುಕುವ ಕ್ರಮ ಒಂದೇ ಅಲ್ಲ. ನಾವು ದಾರಿ ತೋರಿಸಿದ್ದು ಕಟ್ಟುವವರಿಗೆ ಮಾತ್ರ. ಲೋಡರ್‌ಗೆ ಅದರ ಸುದ್ದಿಯೇ ಇಲ್ಲ. ಅದಕ್ಕೆ ಬೇಕಾದದ್ದು ಲಿಬ್‌ಲೆಪ್ಟ್ 5 ಎಂಬ ಹೆಸರಿನ ಒಂದು ಕಡತ. 1.73 ಮತ್ತು 1.79 ಎರಡೂ ಹೊರಗೆ ಹಾಕಿಕೊಳ್ಳುವ ಹೆಸರು ಅದೇ. ಅದರಲ್ಲಿರುವ 5 ಲೆಪ್ಟೋನಿಕಾದ ಆವೃತ್ತಿಯಲ್ಲ, ಹೊಂದಾಣಿಕೆಯ ಸಂಖ್ಯೆ. ಉಬುಂಟುವಿನ ಲೋಡರ್ ಪಟ್ಟಿಯಲ್ಲಿ /ಯುಎಸ್‌ಆರ್/ಲೋಕಲ್ ಒಳಗಿನದು ಮುಂದೆ ಇತ್ತು. ಹಾಗಾಗಿ 1.79ರ ಹೆಡರ್ ನೋಡಿಕೊಂಡು ಕಟ್ಟಿದ ಪ್ರೋಗ್ರಾಂ 1.73ರ ಜೊತೆ ಓಡುತ್ತಿತ್ತು.

ಇದನ್ನು ಖಚಿತ ಮಾಡಿಕೊಳ್ಳಲು ಎರಡು ಕಮಾಂಡ್ ಸಾಕಾದವು. ಎಲ್‌ಡಿಡಿ ಎಂಬುದು ಒಂದು ಪ್ರೋಗ್ರಾಂ ಯಾವ ಲೈಬ್ರರಿಯನ್ನು ಯಾವ ಫೋಲ್ಡರಿನಿಂದ ಎತ್ತಿಕೊಳ್ಳುತ್ತದೆ ಎಂದು ತೋರಿಸುತ್ತದೆ. ಲೋಡರ್‌ನ ಪಟ್ಟಿಯನ್ನು ನೋಡಿಕೊಳ್ಳುವ ಎಲ್‌ಡಿಕಾನ್ಫಿಗ್‌ನಲ್ಲಿ ಲಿಬ್‌ಲೆಪ್ಟ್ ಎಂದು ಹುಡುಕಿದರೆ ಎರಡು ಸಾಲು ಬಂದವು, ಹಳೆಯದು ಮೇಲೆ, ಹೊಸದು ಕೆಳಗೆ.

ಹಾಗೇ ಬಿಟ್ಟಿದ್ದರೆ ಓಡುತ್ತಿತ್ತೋ ಏನೋ. ಆದರೆ ಬೇಕಾದ ಕನಿಷ್ಠ ಆವೃತ್ತಿಗಿಂತ ಹಳೆಯದರ ಮೇಲೆ ಸಾವಿರಾರು ಪುಟ ಓದಿಸಿ, ಆರು ತಿಂಗಳ ನಂತರ ಯಾವುದೋ ಪುಟದಲ್ಲಿ ಎಡವಿದರೆ ಕಾರಣ ಹುಡುಕುವುದು ಎಷ್ಟು ಕಷ್ಟ! ಈಗ ಮೇಷ್ಟ್ರೇ "ತೆಗೆದುಬಿಡೋಣ" ಎಂದರು.

ತೆಗೆಯುವ ಕೆಲಸ

ಸೋರ್ಸ್‌ನಿಂದ ಹಾಕಿದ್ದನ್ನು ಸುಲಭವಾಗಿ ತೆಗೆಯಬೇಕಾದರೆ ಅದನ್ನು ಕಟ್ಟಿದ ಫೋಲ್ಡರ್ ಇರಬೇಕು. ಅಲ್ಲಿ ನಿಂತು ಮೇಕ್ ಅನ್‌ಇನ್‌ಸ್ಟಾಲ್ ಕೊಟ್ಟರೆ ಹೆಚ್ಚಿನ ಯೋಜನೆಗಳಲ್ಲಿ ಆಗುತ್ತದೆ. 2016ರ ಆ ಫೋಲ್ಡರನ್ನು ಯಾರೋ ಯಾವತ್ತೋ ಅಳಿಸಿದ್ದರು. ಕೈಯಾರೆ ಹುಡುಕಬೇಕಾಯಿತು.

ಅಳಿಸುವುದು ಬೇಡ, ಪಕ್ಕಕ್ಕೆ ಇಡೋಣ ಎಂದು ತೀರ್ಮಾನಿಸಿದೆವು. ಲಿಬ್‌ಲೆಪ್ಟ್ ಎಂದು ಶುರುವಾಗುವ ಲೈಬ್ರರಿ ಕಡತಗಳು, ಹೆಡರ್‌ಗಳ ಫೋಲ್ಡರ್, ಪಿಕೆಜಿ-ಕಾನ್ಫಿಗ್ ಓದುವ ಸಣ್ಣ ಕಡತ, ಲಿಬ್‌ಟೂಲ್‌ನ ‘ಎಲ್ಎ’ ಕಡತ ಎಲ್ಲವನ್ನೂ ಪಟ್ಟಿ ಮಾಡಿದಳು. ಇವುಗಳಲ್ಲಿ ಒಂದಾದರೂ ಯಾವುದಾದರೂ ಪ್ಯಾಕೇಜಿಗೆ ಸೇರಿದೆಯೇ ಎಂದು, ಪ್ಯಾಕೇಜ್‌ಗಳ ಲೆಕ್ಕ ಇಡುವ ಡಿಪಿಕೆಜಿಯನ್ನು ಕೇಳಿದಳು. ಒಂದೂ ಸೇರಿರಲಿಲ್ಲ. ಆಮೇಲೆ ಈ ಹಳೆಯ ಲೈಬ್ರರಿಯನ್ನು ನಂಬಿಕೊಂಡ ಬೇರೆ ಪ್ರೋಗ್ರಾಂ ಇದೆಯೇ ಎಂದು ಎಲ್‌ಡಿಡಿಯಲ್ಲಿ ನೋಡಿದೆವು. ಒಂದು ಸಿಕ್ಕಿತು: ಜೆಬಿಗ್2. ಸ್ಕ್ಯಾನ್ ಮಾಡಿದ ಕಪ್ಪು ಬಿಳುಪು ಪುಟಗಳನ್ನು ಪಿಡಿಎಫ್‌ಗೆ ಸೇರಿಸುವ ಮೊದಲು ಕುಗ್ಗಿಸುವ ಸಾಧನ. ಅದೂ ಆ ಹುಡುಗನೇ ಕಟ್ಟಿದ್ದು. ಇದನ್ನು ನೋಡದೆ ಲೈಬ್ರರಿ ತೆಗೆದಿದ್ದರೆ, ಪಿಡಿಎಫ್ ಮಾಡುವ ಕೆಲಸ ಯಾವತ್ತೋ ಒಂದು ದಿನ ಏರುಪೇರಾಗಿ, ಅದಕ್ಕೂ ಇದಕ್ಕೂ ಇರುವ ನಂಟು ಯಾರಿಗೂ ಹೊಳೆಯುತ್ತಿರಲಿಲ್ಲ. ಅದನ್ನು 1.79ರ ಮೇಲೆ ಹೊಸದಾಗಿ ಕಟ್ಟಲು ಒಂದು ಸಂಜೆ ಹಿಡಿಯಿತು.

ಹಳೆಯ ಕಡತಗಳನ್ನು ತಾರೀಕು ಬರೆದ ಒಂದು ಫೋಲ್ಡರಿಗೆ ಸಾಗಿಸಿ, ಎಲ್‌ಡಿಕಾನ್ಫಿಗ್ ಓಡಿಸಿ, ಟೆಸೆರಾಕ್ಟ್‌ನ ಆವೃತ್ತಿ ಕೇಳಿದಳು. ಲೆಪ್ಟೋನಿಕಾ 1.79.0 ಎಂದಿತು.

ಒಂದು ಪುಟ ಓದಿಸಿದಳು. ಫಲಿತಾಂಶ ಮೊದಲಿನಷ್ಟೇ ಕೆಟ್ಟದಾಗಿತ್ತು. ಅದೇ ಕಳಚಿಬಿದ್ದ ಒತ್ತಕ್ಷರಗಳು.

ಆದರೆ ಈಗ ಅವಳಿಗೆ ನನ್ನ ಅಗತ್ಯ ಇರಲಿಲ್ಲ. "ಅಣ್ಣಾ, ಇದು ಕನ್ನಡದ ಡೇಟಾ ಎಲ್ಲಿಂದ ತಗೊಳ್ತಿದೆ?" ಎಂದು ತಾನೇ ಕೇಳಿ, ತಾನೇ ಹುಡುಕಿದಳು. ಹೊಸ ಯಂತ್ರದಲ್ಲೇ ಓದು ಎಂದು ಟೆಸೆರಾಕ್ಟ್‌ಗೆ ಒತ್ತಿ ಹೇಳಿ ನೋಡಿದಳು. ಎಲ್‌ಎಸ್‌ಟಿಎಂ ಕೇಳಿದ್ದೀರಿ, ಆದರೆ ಅದು ಇಲ್ಲ ಎಂಬ ಉತ್ತರ ಬಂತು. /ಯುಎಸ್‌ಆರ್/ಲೋಕಲ್ ಒಳಗಿನ ಟೆಸ್‌ಡೇಟಾ ಫೋಲ್ಡರಿನಲ್ಲಿ 3.04ರ ಕಾಲದ ಕನ್ನಡ ತರಬೇತಿ ಕಡತ ಕೂತಿತ್ತು. ನಾವು ಹೊಸ ಟೆಸೆರಾಕ್ಟ್ ಹಾಕಿದ್ದೂ ಅದೇ ಜಾಗಕ್ಕೆ. ಇನ್‌ಸ್ಟಾಲ್ ಮಾಡುವಾಗ ಭಾಷೆಯ ಕಡತಗಳು ಬರುವುದಿಲ್ಲ, ಅವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಹಾಗಾಗಿ ಹೊಸ ಪ್ರೋಗ್ರಾಂ ಹಳೆಯ ಕಡತವನ್ನು ಎತ್ತಿಕೊಂಡಿತು. ಅದರಲ್ಲಿ ನರಜಾಲದ ಭಾಗವೇ ಇಲ್ಲದ್ದರಿಂದ ಹಳೆಯ ಯಂತ್ರಕ್ಕೇ ಇಳಿಯಿತು.

ಮೂರನೆಯ ಸಲವೂ ಅದೇ ಕಥೆ. ಹೆಸರು ಒಂದೇ, ಕಡತ ಬೇರೆ.

ಆಗ ಅವಳೇ ಒಂದು ತೀರ್ಮಾನ ತೆಗೆದುಕೊಂಡಳು. /ಯುಎಸ್‌ಆರ್/ಲೋಕಲ್ ಒಳಗಿದ್ದ ಟೆಸೆರಾಕ್ಟ್‌ನ ಹಳೆಯದು, ಹೊಸದು ಎಲ್ಲವನ್ನೂ ಹೊರಗೆ ಹಾಕಿ, /ಆಪ್ಟ್ ಒಳಗೆ ಒಂದು ಪ್ರತ್ಯೇಕ ಫೋಲ್ಡರ್ ಮಾಡಿ, ಕಾನ್ಫಿಗರ್‌ಗೆ ಇನ್‌ಸ್ಟಾಲ್ ಮಾಡುವ ಜಾಗವಾಗಿ (ಪ್ರಿಫಿಕ್ಸ್) ಅದನ್ನು ಕೊಟ್ಟು, ಶುಚಿಯಾದ ಸೋರ್ಸ್‌ನಿಂದ ಮತ್ತೆ ಕಟ್ಟಿದಳು. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ಕೇಳಿದಳು. ಮಾಡಬಹುದಿತ್ತು, ಟೆಸ್‌ಡೇಟಾದ ತೊಂದರೆ ತಪ್ಪುತ್ತಿತ್ತು. ಆದರೆ ಲೆಪ್ಟೋನಿಕಾದ್ದು ತಪ್ಪುತ್ತಿರಲಿಲ್ಲ. ಟೆಸೆರಾಕ್ಟ್ ಎಲ್ಲೇ ಇರಲಿ, ಲೋಡರ್ ಲಿಬ್‌ಲೆಪ್ಟ್ ಅನ್ನು ತನ್ನ ಪಟ್ಟಿಯಿಂದಲೇ ಎತ್ತಿಕೊಳ್ಳುತ್ತಿತ್ತು.

ಹೊಸ ಜಾಗದಲ್ಲಿ ಓಡಿಸಿದಾಗ ಕನ್ನಡದ ಡೇಟಾ ಕಡತ ತೆರೆಯಲಾಗಲಿಲ್ಲ ಎಂದು ನೇರವಾಗಿ ಎರರ್ ಬಂತು. ಖಾಲಿ ಫೋಲ್ಡರ್, ಬರಲೇಬೇಕಾದ ಎರರ್. ಟೆಸೆರಾಕ್ಟ್ ಯೋಜನೆಯವರೇ ಕೊಡುವ ‘ಬೆಸ್ಟ್’ ಸಂಗ್ರಹದಿಂದ ಕನ್ನಡದ ಕಡತ ಇಳಿಸಿ ಅಲ್ಲಿಟ್ಟಳು.

ನನಗೆ ಕಂಡದ್ದು

ಈ ಪ್ರಕರಣವನ್ನು ಬೇರೆಯವರಿಗೆ ಹೇಳುವಾಗ ನಾನು ಒತ್ತಿ ಹೇಳುವ ಮಾತು ಒಂದೇ. ಬಿಲ್ಡ್, ಅಂದರೆ ಕಟ್ಟುವ ಕೆಲಸ, ನಿಂತಾಗ ‘ಇದು ಇದೆಯೋ ಇಲ್ಲವೋ’ ಎಂದು ಕೇಳಬೇಡಿ. ‘ನೀನು ನೋಡಿದ್ದು ಯಾವುದನ್ನು, ಎಲ್ಲಿ’ ಎಂದು ಕೇಳಿ. ಮೊದಲ ಪ್ರಶ್ನೆ ನಮ್ಮನ್ನು ಎರಡು ದಿನ ಸುತ್ತಿಸಿತು. ಎರಡನೆಯದು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟಿತು. ಹೆಡರ್, ಲೈಬ್ರರಿ, ಓಡುವಾಗಿನ ಲೈಬ್ರರಿ, ಡೇಟಾ ಕಡತ, ಈ ನಾಲ್ಕನ್ನೂ ಬೇರೆ ಬೇರೆಯವರು ಬೇರೆ ಬೇರೆ ಕ್ರಮದಲ್ಲಿ ಹುಡುಕುತ್ತಾರೆ. ಒಬ್ಬರಿಗೆ ಸರಿಯಾದದ್ದು ಸಿಕ್ಕಿತೆಂದರೆ ಉಳಿದವರಿಗೂ ಸಿಕ್ಕಿತೆಂದಲ್ಲ.

ಪರೀಕ್ಷೆಯ ಬಾಯಿ ಮುಚ್ಚಿಸುವುದರ ಬಗ್ಗೆಯೂ ನನಗೆ ಗಟ್ಟಿ ಅಭಿಪ್ರಾಯವಿದೆ. ಕೆಲವೊಮ್ಮೆ ಪರೀಕ್ಷೆಯೇ ತಪ್ಪಿರುತ್ತದೆ, ನಿಜ. ಆದರೆ ಅದು ತಪ್ಪು ಎಂದು ಹೇಳುವ ಮೊದಲು ಅದು ಕಂಡದ್ದನ್ನು ನಾವೂ ಕಂಡಿರಬೇಕು. ಲಾಗ್ ಓದದೆ ಅಳಿಸಿದ ಸಾಲು ನಮಗೆ ಒಂದು ಇಡೀ ರಾತ್ರಿಯ ಬೆಲೆಯಾಯಿತು.

ಮತ್ತೆ, 2016ರ ಹುಡುಗನದು ತಪ್ಪಲ್ಲ. ಅವನು ಕಟ್ಟಿದ್ದರ ಮೇಲೆ ಆರು ವರ್ಷ ಕೆಲಸ ನಡೆದಿದೆ. ತಾನು ಏನು ಹಾಕಿದೆ, ಎಲ್ಲಿ ಹಾಕಿದೆ ಎಂಬ ಒಂದು ಚೀಟಿ ಅವನಿಂದ ಉಳಿಯಲಿಲ್ಲ, ಅಷ್ಟೇ. ಸ್ವಯಂಸೇವೆಯ ಮೇಲೆ ನಡೆಯುವ ಕಡೆ ಜನ ಬರುತ್ತಾರೆ, ಹೋಗುತ್ತಾರೆ. ಕಂಪ್ಯೂಟರ್ ಮಾತ್ರ ಅಲ್ಲೇ ಇರುತ್ತದೆ.

ಹುಡುಗಿ ಈಗ /ಆಪ್ಟ್ ಒಳಗಿನ ಆ ಫೋಲ್ಡರಿನಲ್ಲೇ ಕನ್ನಡದಲ್ಲಿ ಒಂದು ಸಣ್ಣ ಕಡತ ಬರೆದಿಟ್ಟಿದ್ದಾಳೆ. ಯಾವ ಸೋರ್ಸ್, ಯಾವ ಆವೃತ್ತಿ, ಕಾನ್ಫಿಗರ್‌ಗೆ ಕೊಟ್ಟದ್ದೇನು, ಯಾವ ಲೆಪ್ಟೋನಿಕಾ ಮೇಲೆ ನಿಂತಿದೆ, ತೆಗೆಯಬೇಕಾದರೆ ಏನು ಮಾಡಬೇಕು, ಎಲ್ಲ ಅದರಲ್ಲಿದೆ. ಅದನ್ನೇ ಮುದ್ರಿಸಿ ಕಂಪ್ಯೂಟರಿನ ಪಕ್ಕದ ಗೋಡೆಗೂ ಅಂಟಿಸಿದ್ದಾಳೆ. ಹಳೆಯ 1.73 ತಾರೀಕಿನ ಫೋಲ್ಡರಿನಲ್ಲಿ ಒಂದು ವರ್ಷ ಇತ್ತು. ಯಾರಿಗೂ ಬೇಕಾಗಲಿಲ್ಲ, ಆಮೇಲೆ ಅಳಿಸಿದರು.

ಅವತ್ತು ಹೊಸದಾಗಿ ಓದಿಸಿದ ಮೊದಲ ಪುಟವನ್ನು ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೂಲದ ಪಕ್ಕ ಇಟ್ಟು ಸಾಲು ಸಾಲಾಗಿ ನೋಡಿದರು. ತಪ್ಪುಗಳಿದ್ದವು, ಮಸಿ ಹರಡಿದ ಕಡೆ ಈಗಲೂ ಇವೆ. ಆದರೆ ಒತ್ತಕ್ಷರಗಳು ತಮ್ಮ ಜಾಗದಲ್ಲಿದ್ದವು. ಆ ವಾರ ಅವರು ಹುಡುಕಿದ ಮೊದಲ ಪದ ‘ಕೆರೆ’. ಹನ್ನೊಂದು ಕಡೆ ಸಿಕ್ಕಿತು.